ತೊಳೆದ ಕುಂಚ ಶುಚಿಯಾಯಿತೆ?

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಶ್ರೀಕೃಷ್ಣ ಪಾರಿಜಾತದ ಒಂದು ಭಾಗವನ್ನು ಆಡಬೇಕೆಂದು ವಿದ್ಯಾರ್ಥಿಗಳು ನಿಶ್ಚಯಿಸಿದರು. ಜಮಖಂಡಿ, ಮುಧೋಳ, ಗೋಕಾಕ ಸೀಮೆಯ ಜನರಿಗೆ ಪಾರಿಜಾತವೆಂದರೇನೆಂದು ಹೇಳಬೇಕಾಗಿಲ್ಲ. ಕುಲಗೋಡ ತಮ್ಮಣ್ಣನ ಕೈಯಲ್ಲಿ ರೂಪಗೊಂಡು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾದ ಆಟವದು. ಅದರಲ್ಲಿ ಸತ್ಯಭಾಮೆಯ ಅರ್ಧ ಮಾತನ್ನು ಅವಳ ಕಣ್ಣು ಹುಬ್ಬುಗಳೇ ಆಡಿಬಿಡುತ್ತವೆ. ಬೀಳಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಭಾಮೆಯ ಪಾತ್ರವನ್ನು ವಹಿಸಿಕೊಂಡು, ಎರಡು ತಿಂಗಳ ಕಾಲ ದಿನವೂ ಬಸ್ಸು ತಪ್ಪಿಸಿಕೊಂಡು ಸಂಜೆಯ ತಾಲೀಮಿಗೆ ನಿಂತಿದ್ದಳು.

ಆಟಕ್ಕೆ ನಾಲ್ಕು ದಿನ ಮುಂಚೆ ಬಣ್ಣ ಹಚ್ಚಿಕೊಂಡು ತಾಲೀಮು ನಡೆಯಿತು. ಎರಡು ದಿನ ಕಳೆಯುವಷ್ಟರಲ್ಲಿ ಭಾಮೆಯ ಬಲಗಣ್ಣಿನ ರೆಪ್ಪೆ ಕೆಂಪಗೆ ಊದಿಕೊಂಡಿತು. ವೈದ್ಯರು ನೋಡಿ, ಇದು ರೆಪ್ಪೆಯ ಅಂಚಿನ ಕುರು, ಭಯವೇನೂ ಇಲ್ಲ, ಆದರೆ ವಾಸಿಯಾಗುವ ತನಕ ಬಣ್ಣ ಮುಟ್ಟಿಸಕೂಡದು ಎಂದರು. ಬೇರೆಯವರ ಬ್ರಷ್ಷನ್ನು ಕಣ್ಣಿಗೆ ತಾಗಿಸಿಕೊಂಡಿದ್ದೆಯಾ ಎಂದೂ ಕೇಳಿದರು. ಪಾತ್ರ ಮತ್ತೊಬ್ಬಳ ಪಾಲಾಯಿತು. ಎರಡು ತಿಂಗಳು ದುಡಿದವಳು ಆಟದ ದಿನ ಸಭಿಕರ ನಡುವೆ ಕುಳಿತು ನೋಡಿದಳು.

ಬ್ರಷ್ಷು ಬನಹಟ್ಟಿಯ ಒಬ್ಬ ವಿದ್ಯಾರ್ಥಿನಿಯದು. ಮನೆಯಲ್ಲಿ ತಂದೆ ಮಗ್ಗದ ಕೆಲಸ ಮಾಡುತ್ತಾರೆ. ಇವಳು ರಜೆಯಲ್ಲಿ ಮದುಮಗಳ ಅಲಂಕಾರ ಕಲಿತು, ಕೂಡಿಟ್ಟ ಹಣದಲ್ಲಿ ಇನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ಒಂದು ಕಟ್ಟು ಕುಂಚಗಳನ್ನು ಕೊಂಡಿದ್ದಳು. ಲಗ್ನದ ಕಾಲದಲ್ಲಿ ನಾಲ್ಕು ಕಾಸು ದುಡಿಯುವುದು ಅವಳ ಎಣಿಕೆ. ಈಗ ಎಲ್ಲರ ಬೆರಳೂ ಅವಳ ಕಡೆಗೆ ತಿರುಗಿದವು: ಕೊಳಕು ಬ್ರಷ್ಷು ಬಳಸಿದಳು, ತೊಳೆಯಲೇ ಇಲ್ಲ ಎಂದು. ಒಂದು ದಿನ ಆಕೆ ಕುಂಚಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಪ್ರಯೋಗಶಾಲೆಗೆ ಬಂದು ಮೇಜಿನ ಮೇಲಿಟ್ಟಳು. "ದೇವರಾಣಿ ತೊಳದೇನ್ರಿ ಸರ್. ಸಾಬೂನು ಹಚ್ಚಿ ಮೂರ್ ಮೂರ್ ಸಲ ತೊಳದೇನಿ. ತೊಳದಷ್ಟೂ ಜಿಗಿಜಿಗಿ ಆಗತಾವ್ರಿ. ಯಾಕಂತ ನೀವ ಹೇಳ್ರಿ."

ನಾವು ಒಂದನ್ನು ಎತ್ತಿ ಬೆರಳಿನಿಂದ ಸವರಿ ನೋಡಿದೆವು. ಕೂದಲುಗಳು ಮೇಣ ಬಳಿದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬುಡದಲ್ಲಿ ಬೂದುಬಣ್ಣದ ಹೊಟ್ಟು ಕಂಡಿತು. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಕುಂಚವನ್ನು ತೊಳೆದದ್ದೂ ನಿಜ, ಅದು ಶುಚಿಯಾಗದೆ ಉಳಿದದ್ದೂ ನಿಜ. ಈ ಎರಡೂ ಹೇಗೆ ಏಕಕಾಲದಲ್ಲಿ ನಿಜವಾಗಬಲ್ಲವು ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಬಣ್ಣವೆಂದರೇನು?

ಹಿಂದೆ ಯಕ್ಷಗಾನ, ಬಯಲಾಟಗಳ ವೇಷಧಾರಿಗಳು ಅರದಾಳ, ಇಂಗಳೀಕ, ಕಾಡಿಗೆಗಳನ್ನು ಅರೆದು ಮುಖಕ್ಕೆ ಬಳಿದುಕೊಳ್ಳುತ್ತಿದ್ದರು. ಇವುಗಳಲ್ಲಿ ಅರದಾಳವು ಆರ್ಸೆನಿಕ್ಕಿನ, ಇಂಗಳೀಕವು ಪಾದರಸದ ಗಂಧಕಯುಕ್ತ ಖನಿಜ, ಎರಡೂ ವಿಷಪದಾರ್ಥಗಳು. ಇಂದಿನ ಅಲಂಕಾರದ ಬಣ್ಣಗಳಲ್ಲಿ ಹೆಚ್ಚಾಗಿ ಕಬ್ಬಿಣದ, ಸತುವಿನ ಮತ್ತು ಟೈಟೇನಿಯಮ್ಮಿನ ಆಕ್ಸೈಡುಗಳ ನುಣ್ಣನೆಯ ಪುಡಿಗಳಿರುತ್ತವೆ. ಈ ಪುಡಿಗಳು ನೀರಿನಲ್ಲಿಯೂ ಕರಗವು, ಎಣ್ಣೆಯಲ್ಲಿಯೂ ಕರಗವು. ಇವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುವುದು ಅವುಗಳೊಡನೆ ಬೆರೆತ ಎಣ್ಣೆ ಮತ್ತು ಮೇಣ. ಜೊತೆಗೆ ಮುಖದ ಮೇಲಿನ ಜಿಡ್ಡು, ಬೆವರು, ಸತ್ತ ಚರ್ಮದ ಹೊಟ್ಟು ಕುಂಚಕ್ಕೆ ಸೇರಿಕೊಳ್ಳುತ್ತವೆ. ಆದುದರಿಂದ ಕುಂಚವನ್ನು ಶುಚಿಮಾಡುವುದೆಂದರೆ ಬಣ್ಣವನ್ನು ಕರಗಿಸುವುದಲ್ಲ, ಜಿಡ್ಡನ್ನು ಬಿಡಿಸುವುದು. ಜಿಡ್ಡು ಹೋದರೆ ಪುಡಿಗೆ ಹಿಡಿದುಕೊಳ್ಳಲು ಆಸರೆಯಿಲ್ಲದೆ ಅದೂ ಹೋಗುತ್ತದೆ.

ಬರಿಯ ನೀರು ಈ ಕೆಲಸವನ್ನು ಮಾಡಲಾರದು. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಒಳಗಿನ ಅಣುವಿಗೆ ಸುತ್ತಲೂ ನೆರೆಯವರಿದ್ದಾರೆ. ಮೇಲ್ಮೈಯ ಅಣುವಿಗೆ ಮೇಲುಗಡೆ ನೆರೆಯವರಿಲ್ಲ. ಆದ್ದರಿಂದ ಅದನ್ನು ಒಳಕ್ಕೆ ಸೆಳೆಯುವ ಬಲವೇ ಹೆಚ್ಚಾಗಿ, ನೀರಿನ ಮೇಲ್ಮೈಯು ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಜಿಡ್ಡು ಹಿಡಿದ ಕೂದಲಿನ ಮೇಲೆ ನೀರು ಹರಡಿಕೊಳ್ಳದೆ ಹನಿಯಾಗಿ ಮುದುಡಿ ನಿಲ್ಲುವುದು ಇದರಿಂದಲೇ.

ಸಾಬೂನಿನ ಅಣುವಿಗೆ ಎರಡು ಸ್ವಭಾವ. ಅದರ ಒಂದು ತುದಿ ನೀರನ್ನು ಬಯಸುತ್ತದೆ. ಉದ್ದವಾದ ಬಾಲವು ನೀರಿಗೆ ಹೆದರಿ ಎಣ್ಣೆಯನ್ನು ಹುಡುಕುತ್ತದೆ. ಜಿಡ್ಡಿನ ಕಣವೊಂದು ಸಿಕ್ಕಿದರೆ ನೂರಾರು ಬಾಲಗಳು ಅದರೊಳಗೆ ಚುಚ್ಚಿಕೊಂಡು, ನೀರನ್ನು ಬಯಸುವ ತುದಿಗಳು ಹೊರಗೆ ನಿಂತು, ಕಣವನ್ನು ಸುತ್ತುಗಟ್ಟಿ ನೀರಿನೊಳಕ್ಕೆ ಎತ್ತಿಕೊಂಡು ಹೋಗುತ್ತವೆ. ಸಾಬೂನು ಬೆರೆತ ನೀರಿನ ಮೇಲ್ಮೈ ಎಳೆತವು ಶುದ್ಧ ನೀರಿನದರ ಅರ್ಧಕ್ಕಿಂತ ಕಡಿಮೆಯಾಗುವುದರಿಂದ, ಅದು ಕೂದಲುಗಳ ನಡುವೆ ಸುಲಭವಾಗಿ ನುಗ್ಗುತ್ತದೆ.

ಹಾಗಾದರೆ ನಮ್ಮ ವಿದ್ಯಾರ್ಥಿನಿಯ ಸಾಬೂನು ಏಕೆ ಸೋತಿತು?

ಸುಣ್ಣಕಲ್ಲಿನ ಸೀಮೆ

ಉತ್ತರವು ಸಾಬೂನಿನಲ್ಲಿರಲಿಲ್ಲ, ನೆಲದಲ್ಲಿತ್ತು. ಮುಧೋಳ, ಲೋಕಾಪುರ, ಬಾಗಲಕೋಟೆಗಳ ಸುತ್ತಲಿನ ನೆಲದಡಿಯಲ್ಲಿ ಕಲಾದಗಿ ಶ್ರೇಣಿಯೆಂದು ಭೂವಿಜ್ಞಾನಿಗಳು ಕರೆಯುವ ಬಹು ಪ್ರಾಚೀನವಾದ ಶಿಲೆಗಳಿವೆ. ಇವುಗಳಲ್ಲಿ ಸುಣ್ಣಕಲ್ಲು ಮತ್ತು ಡಾಲಮೈಟು ಹೇರಳ. ಈ ಸೀಮೆಯಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದುನಿಂತಿರುವುದಕ್ಕೆ ಇದೇ ಕಾರಣ. ಉತ್ತರಕ್ಕೆ ಸರಿದರೆ ದಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲು ಸಿಗುತ್ತದೆ. ಅದರಲ್ಲಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾತುಗಳು ಸಾಕಷ್ಟಿವೆ.

ಮಳೆಯ ನೀರು ನೆಲಕ್ಕೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲ ವಾಯುವನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲನ್ನು ಕಣಕಣವಾಗಿ ಕರಗಿಸಿಕೊಂಡು ಕೊಳವೆಬಾವಿಗೆ ಬರುತ್ತದೆ. ಇದನ್ನೇ ಗಡಸು ನೀರೆನ್ನುತ್ತೇವೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಪೊರೆಯು ಈ ಕರಗಿದ ಕಲ್ಲು ಮತ್ತೆ ಕಲ್ಲಾದುದೇ ಹೊರತು ಬೇರೆಯಲ್ಲ. ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಗಡಸುತನವು ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ ೬೦೦ರ ತನಕ ನಡೆಯುತ್ತದೆ. ಅಂದರೆ ಕುಡಿಯಲು ಬಾಧೆಯಿಲ್ಲದ ನೀರು ಕೂಡ ಸಾಬೂನಿನ ಪಾಲಿಗೆ ಶತ್ರುವಾಗಿರಬಹುದು.

ಸಾಬೂನು ಎಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಅದು ನೀರಿನಲ್ಲಿ ಬೆರೆಯುತ್ತದೆ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಸೋಡಿಯಮ್ಮನ್ನು ಹೊರದೂಡಿ ತಾನು ಆ ಜಾಗದಲ್ಲಿ ಕೂರುತ್ತದೆ. ಹೀಗೆ ಆದ ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗದ, ಮೇಣದಂತಹ ಜಿಗುಟು ಗಸಿ. ಲೀಟರಿಗೆ ೪೦೦ ಮಿಲಿಗ್ರಾಂ ಗಡಸುತನವುಳ್ಳ ನೀರನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ಪ್ರತಿ ಲೀಟರು ನೀರು ಸುಮಾರು ಎರಡೂವರೆ ಗ್ರಾಂ ಸಾಬೂನನ್ನು ನುಂಗಿ ಗಸಿಯಾಗಿ ಮಾಡುತ್ತದೆ. ಅದಾದ ಮೇಲೆ ಹೆಚ್ಚಿಗೆ ಹಾಕಿದ ಸಾಬೂನು ಮಾತ್ರ ಜಿಡ್ಡನ್ನು ಬಿಡಿಸುವ ಕೆಲಸಕ್ಕೆ ದೊರೆಯುತ್ತದೆ. ಕುಂಚದ ಒತ್ತಾದ ಕೂದಲುಗಳು ಈ ಗಸಿಯನ್ನು ಸೋಸಣಿಗೆಯಂತೆ ಹಿಡಿದಿಟ್ಟುಕೊಳ್ಳುತ್ತವೆ. ಸಾಬೂನು ಹಚ್ಚಿ ಗಡಸು ನೀರಿನಲ್ಲಿ ಜಾಲಿಸಿದಾಗಲೆಲ್ಲ ಹೊಸ ಗಸಿ ಸೇರುತ್ತದೆ. ತೊಳೆದಷ್ಟೂ ಜಿಗಿಯಾಗುತ್ತದೆಂದು ಆಕೆ ಹೇಳಿದ್ದು ಅಕ್ಷರಶಃ ಸತ್ಯ.

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸೋಣವೆಂದು ನಾವು ವಿದ್ಯಾರ್ಥಿಗಳಿಗೆ ಮನೆಯಿಂದ ಒಂದೊಂದು ಸೀಸೆ ನೀರನ್ನು ತರಹೇಳಿದೆವು. ಜಮಖಂಡಿಯಿಂದ ಕೃಷ್ಣೆಯ ನೀರು, ಮುಧೋಳದಿಂದ ಘಟಪ್ರಭೆಯ ನೀರು, ಬೀಳಗಿ ಕಡೆಯ ಒಂದು ಹಳ್ಳಿಯ ಮತ್ತು ಬನಹಟ್ಟಿಯ ಒಂದು ಓಣಿಯ ಕೊಳವೆಬಾವಿಗಳ ನೀರು, ಕೊನೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಹೀಗೆ ಐದು ಸೀಸೆಗಳಾದವು. ಸ್ಕಾಟ್‌ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟ ವಿಧಾನದಂತೆ, ಸಮನಾಗಿ ಅಳೆದ ನೀರಿಗೆ ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ, ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿದೆವು. ಘಟಕದ ನೀರು ಕೆಲವೇ ಹನಿಗಳಿಗೆ ನೊರೆಯೆದ್ದಿತು. ನದಿಯ ನೀರುಗಳಿಗೆ ಹೆಚ್ಚು ಹನಿ ಬೇಕಾದವು. ಕೊಳವೆಬಾವಿಯ ನೀರುಗಳು ಎಲ್ಲಕ್ಕಿಂತ ಹೆಚ್ಚು ಕುಡಿದು, ನೊರೆಗೆ ಬದಲಾಗಿ ಒಡೆದ ಹಾಲಿನಂತೆ ಬಿಳಿಯ ಗಸಿಯನ್ನು ತೇಲಿಸಿದವು. ಒಂದೇ ಓಣಿಯ ಎರಡು ಬಾವಿಗಳ ನೀರು ಬೇರೆ ಬೇರೆ ಇರಬಹುದಾದುದರಿಂದ ಇದನ್ನು ಊರೂರಿನ ತೀರ್ಪೆಂದು ತಿಳಿಯಬಾರದು. ಆದರೆ ಬನಹಟ್ಟಿಯ ಸೀಸೆಯಲ್ಲಿ ತೇಲಿದ ಗಸಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ ಹುಡುಗಿ, "ಇದ ನೋಡ್ರಿ ಸರ್, ಬ್ರಷ್ಷಿನ್ಯಾಗ ಇದ್ದದ್ದು" ಎಂದಳು. ಸುತ್ತ ನಿಂತಿದ್ದವರು ಸುಮ್ಮನಾದರು.

ಅಡುಗೆಮನೆಯ ವಿಜ್ಞಾನಿ

ಇಂತಹ ವಿಷಯಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದು ಭಾವಿಸುವವರು ಆಗ್ನೆಸ್ ಪೊಕೆಲ್ಸ್ ಎಂಬಾಕೆಯ ಕಥೆಯನ್ನು ತಿಳಿಯಬೇಕು. ಈಕೆ ೧೮೬೨ರಲ್ಲಿ ವೆನಿಸ್ಸಿನಲ್ಲಿ ಹುಟ್ಟಿ, ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಬೆಳೆದವಳು. ಭೌತವಿಜ್ಞಾನದಲ್ಲಿ ಅಪಾರ ಆಸಕ್ತಿಯಿದ್ದರೂ ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮನೆಯಲ್ಲಿ ಕಾಯಿಲೆಯ ತಂದೆತಾಯಿಗಳ ಆರೈಕೆಯೂ ಇವಳದೇ. ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವುದನ್ನು ನೋಡುತ್ತ ನೋಡುತ್ತ, ಒಂದು ತಗಡಿನ ತೊಟ್ಟಿ, ಅದರ ಮೇಲೆ ಅಡ್ಡಲಾಗಿ ಸರಿಸಬಹುದಾದ ತಗಡಿನ ಪಟ್ಟಿ, ಒಂದು ಸಣ್ಣ ಗುಂಡಿ ಮತ್ತು ತಕ್ಕಡಿ ಇಷ್ಟರಿಂದಲೇ ಮೇಲ್ಮೈ ಎಳೆತವನ್ನು ಅಳೆಯುವ ಉಪಕರಣವನ್ನು ರಚಿಸಿದಳು. ನೀರಿನಿಂದ ಗುಂಡಿಯನ್ನು ಮೇಲಕ್ಕೆ ಕೀಳಲು ಬೇಕಾದ ಬಲವೇ ಅವಳ ಅಳತೆ.

೧೮೯೧ರಲ್ಲಿ ಆಕೆ ತನ್ನ ಫಲಿತಾಂಶಗಳನ್ನು ಇಂಗ್ಲೆಂಡಿನ ಲಾರ್ಡ್ ರ್‍ಯಾಲೆಯವರಿಗೆ ಪತ್ರದಲ್ಲಿ ಬರೆದಳು. ಮುಂದೆ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆ ಮಹನೀಯರು ಪತ್ರದ ಬೆಲೆಯನ್ನರಿತು, ಅದನ್ನು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ೧೯೩೨ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಆಕೆಗೆ ಬ್ರೌನ್‌ಷ್ವೈಗಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಅವಳ ಪ್ರಯೋಗದ ಒಂದು ಅಂಶವನ್ನು ನಾವೂ ಮಾಡಿ ನೋಡಬಹುದು. ತಟ್ಟೆಯಲ್ಲಿ ನೀರು ತುಂಬಿ, ಮೇಲೆ ಕಾಳುಮೆಣಸಿನ ಪುಡಿಯನ್ನು ಉದುರಿಸಿ, ನಡುವೆ ಸಾಬೂನು ಹಚ್ಚಿದ ಕಡ್ಡಿಯನ್ನು ಮುಟ್ಟಿಸಿದರೆ ಪುಡಿ ಥಟ್ಟನೆ ಅಂಚಿಗೆ ಓಡುತ್ತದೆ. ಮುಟ್ಟಿದ ಕಡೆ ಎಳೆತ ಕಡಿಮೆಯಾಗಿ, ಸುತ್ತಲಿನ ನೀರು ಪೊರೆಯನ್ನು ತನ್ನ ಕಡೆಗೆ ಸೆಳೆದುಕೊಂಡದ್ದೇ ಇದಕ್ಕೆ ಕಾರಣ.

ಕೂದಲ ಸಂದಿಯಲ್ಲಿ ಏರುವ ನೀರು

ಸಾಬೂನಿನ ಸಮಸ್ಯೆ ತಿಳಿಯಿತು. ಆದರೆ ಕುಂಚಗಳಲ್ಲಿ ಎರಡರ ಕೂದಲು ಬುಡಸಹಿತ ಉದುರುತ್ತಿದ್ದವು. ಬುಡದಲ್ಲಿ ಕಮಟು ವಾಸನೆಯೂ ಇತ್ತು. ಕೇಳಿದರೆ, ರಾತ್ರಿಯೆಲ್ಲ ಲೋಟದ ನೀರಿನಲ್ಲಿ ತಲೆಕೆಳಗಾಗಿ ನೆನೆಯಿಟ್ಟು, ಬೆಳಿಗ್ಗೆ ಮೊಳೆಗೆ ತೂಗುಹಾಕುತ್ತಿದ್ದಳಂತೆ. "ನೀರು ತುದಿಗಷ್ಟ ಮುಟ್ಟತಿತ್ರಿ" ಎಂದಳು.

ತುದಿಗೆ ಮುಟ್ಟಿದ ನೀರು ತುದಿಯಲ್ಲಿಯೇ ನಿಲ್ಲುವುದಿಲ್ಲ. ಕಿರಿದಾದ ಗಾಜಿನ ನಳಿಗೆಯನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿ ಒಳಗೆ ಏರುವುದನ್ನು ವಾಚಕರು ನೋಡಿರಬಹುದು. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ನಳಿಗೆ ಕಿರಿದಾದಷ್ಟೂ ಏರಿಕೆ ಹೆಚ್ಚು. ನಳಿಗೆಯ ತ್ರಿಜ್ಯ ೧ ಮಿಲಿಮೀಟರಿದ್ದರೆ ನೀರು ಸುಮಾರು ಒಂದೂವರೆ ಸೆಂಟಿಮೀಟರು ಏರುತ್ತದೆ, ೦.೧ ಮಿಲಿಮೀಟರಿದ್ದರೆ ೧೫ ಸೆಂಟಿಮೀಟರು, ೦.೦೫ ಮಿಲಿಮೀಟರಿದ್ದರೆ ಸುಮಾರು ೩೦ ಸೆಂಟಿಮೀಟರು. ಕುಂಚದ ಕೂದಲುಗಳ ನಡುವಣ ಸಂದಿಗಳು ಇಂತಹ ಸಣ್ಣ ನಳಿಗೆಗಳೇ. ಕೂದಲು ಗಾಜಿನಷ್ಟು ಚೆನ್ನಾಗಿ ತೊಯ್ಯದು, ಸಾಬೂನು ಬೆರೆತರೆ ಎಳೆತವೂ ಕಡಿಮೆ. ಆದುದರಿಂದ ಏರಿಕೆ ಈ ಲೆಕ್ಕಕ್ಕಿಂತ ಕಡಿಮೆಯಿರುವುದು. ಆದರೂ ಎರಡು ಮೂರು ಸೆಂಟಿಮೀಟರು ಉದ್ದದ ಕೂದಲನ್ನು ಏರಿ, ಅವನ್ನು ಬಿಗಿದಿಟ್ಟಿರುವ ತಗಡಿನ ಬಳೆಯೊಳಗೆ ಸೇರುವುದು ನೀರಿಗೆ ಕಷ್ಟವಲ್ಲ. ಆ ಬಳೆಯೊಳಗೆ ಕೂದಲನ್ನು ಹಿಡಿದಿರುವ ಅಂಟು ನೆನೆದು ಸಡಿಲಾಗುತ್ತದೆ, ಮರದ ಹಿಡಿಕೆ ಉಬ್ಬುತ್ತದೆ, ಕೂದಲು ಉದುರುತ್ತದೆ.

ಇನ್ನು ತೂಗುಹಾಕಿ ಒಣಗಿಸುವ ಮಾತು. ತಲೆ ಕೆಳಗಾಗಿ ತೂಗಿದರೆ ನೀರೆಲ್ಲ ತಾನಾಗಿ ಇಳಿದುಹೋಗುವುದೆಂದು ಬಹು ಜನರ ನಂಬಿಕೆ. ಇದು ಅರ್ಧ ಸತ್ಯ. ದೊಡ್ಡ ಹನಿಗಳು ಇಳಿಯುತ್ತವೆ, ನೀರು ಬಳೆಯ ಕಡೆಗೆ ಹರಿಯುವುದೂ ತಪ್ಪುತ್ತದೆ. ಆದರೆ ಹಲವು ಸೆಂಟಿಮೀಟರು ಎತ್ತರದ ನೀರಿನ ಕಂಬವನ್ನು ಹೊರಬಲ್ಲ ಸಂದಿಯು, ಎರಡು ಮೂರು ಸೆಂಟಿಮೀಟರಿನ ಕುಂಚದಲ್ಲಿ ಭೂಮಿಯ ಸೆಳೆತಕ್ಕೆ ಮಣಿದು ನೀರನ್ನು ಬಿಟ್ಟುಕೊಡಲಾರದು. ಅದನ್ನು ಹೊರತೆಗೆಯಬೇಕಾದರೆ ಇನ್ನೂ ಕಿರಿದಾದ ಸಂದಿಗಳುಳ್ಳ ಮತ್ತೊಂದು ವಸ್ತುವನ್ನು ತಾಗಿಸಬೇಕು. ಆ ವಸ್ತುವು ಹತ್ತಿಯ ಬಟ್ಟೆ. ಹತ್ತಿಯ ಎಳೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು. ನೂಲಿನೊಳಗೆ ಇಂತಹ ಎಳೆಗಳು ಒತ್ತಾಗಿ ಹೆಣೆದಿರುವುದರಿಂದ ಅವುಗಳ ಸಂದಿಗಳು ಕುಂಚದ ಸಂದಿಗಳಿಗಿಂತ ಕಿರಿದು. ಬಟ್ಟೆ ಗೆಲ್ಲುತ್ತದೆ, ನೀರು ಅದರೊಳಕ್ಕೆ ಹೋಗುತ್ತದೆ.

ಯಾವ ಬಟ್ಟೆಯಾದರೂ ಆದೀತೆ ಎಂದು ನಾವು ಯೋಚಿಸುತ್ತಿದ್ದಾಗ ನೇಕಾರರ ಮಗಳೇ ನಮಗೆ ಪಾಠ ಹೇಳಿದಳು: "ಮಗ್ಗದಿಂದ ಇಳಿಸಿದ ಹೊಸ ಅರಿವಿ ನೀರ ಹೀರಂಗಿಲ್ರಿ ಸರ್, ಗಂಜಿ ಇರತೈತಿ. ಹಳೇದ ಬೇಕು." ಮಾತು ಸರಿಯಾಗಿತ್ತು. ಹಾಸಿನ ನೂಲು ಮಗ್ಗದಲ್ಲಿ ಹರಿಯದಿರಲೆಂದು ಗಂಜಿ ಹಚ್ಚಿರುತ್ತಾರೆ; ಹತ್ತಿಯ ಎಳೆಯ ಮೇಲೆ ಸಹಜವಾದ ಮೇಣವೂ ತೆಳ್ಳಗಿರುತ್ತದೆ. ಹಲವಾರು ಸಲ ಒಗೆದ ಮೇಲೆ ಇವೆರಡೂ ಹೋಗಿ ಬಟ್ಟೆ ನೀರನ್ನು ಕುಡಿಯತೊಡಗುತ್ತದೆ. ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡಿಗೆ ಸಮನಾದ ಒರೆಸು ಬಟ್ಟೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಒಂದೇ ಬಗೆಯ ಎರಡು ಒದ್ದೆ ಕುಂಚಗಳಲ್ಲಿ ಒಂದನ್ನು ತೂಗುಹಾಕಿ, ಇನ್ನೊಂದನ್ನು ಹಳೆಯ ಬಟ್ಟೆಯಲ್ಲಿ ಒತ್ತಿ ಸುತ್ತಿಟ್ಟು, ಹತ್ತು ನಿಮಿಷದ ಮೇಲೆ ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿದಾಗ, ಬಟ್ಟೆಯಲ್ಲಿದ್ದ ಕುಂಚವೇ ಸ್ಪಷ್ಟವಾಗಿ ಹಗುರವಾಗಿತ್ತು.

ಎರಡು ಮೂರು ರೂಪಾಯಿಯ ವಿಧಾನ

ಇಷ್ಟು ತಿಳಿದ ಮೇಲೆ ತೊಳೆಯುವ ಕ್ರಮವು ತಾನಾಗಿ ಹೊಳೆಯುತ್ತದೆ.

ಮೊದಲನೆಯದು ನೀರು. ಬಕೆಟ್ಟುಗಟ್ಟಲೆ ಬೇಕಾಗಿಲ್ಲ, ಕುಂಚಕ್ಕೆ ಒಂದು ಲೋಟ ಸಾಕು. ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಶುಚಿಯಾಗಿ ಹಿಡಿದ ಮಳೆಯ ನೀರು ಮೃದುವಾಗಿರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ. ಸಲ್ಫೇಟು ಕ್ಲೋರೈಡುಗಳ ರೂಪದಲ್ಲಿರುವುದು ಉಳಿಯುತ್ತದೆ. ಬಟ್ಟೆಗೆ ಹಾಕುವ ಸೋಡಾ ಬೆರೆಸಿ ನೀರನ್ನು ಮೃದುಮಾಡಬಹುದಾದರೂ, ಪ್ರಾಣಿಗಳ ರೋಮದ ಕುಂಚಕ್ಕೆ ಆ ಕ್ಷಾರ ಒಳ್ಳೆಯದಲ್ಲ.

ಎರಡನೆಯದು ಸಾಬೂನಿಗೆ ಬದಲಾಗಿ ಶಾಂಪೂ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಕೊಬ್ಬಿನ ಅಭಾವ ತಲೆದೋರಿದಾಗ ರಸಾಯನ ವಿಜ್ಞಾನಿಗಳು ಸಾಬೂನಲ್ಲದ ಕೃತಕ ಮಾರ್ಜಕಗಳ ತಯಾರಿಕೆಗೆ ಕೈಹಾಕಿದರು. ಶಾಂಪೂವಿನಲ್ಲಿರುವುದು ಇಂತಹ ಮಾರ್ಜಕವೇ. ಇದರ ಕ್ಯಾಲ್ಸಿಯಂ ಲವಣವು ಸಾಬೂನಿನದರಂತೆ ಗಸಿಗಟ್ಟುವುದಿಲ್ಲ. ಆದುದರಿಂದ ಗಡಸು ನೀರೊಂದೇ ಇರುವ ಕಡೆಯೂ ಇದು ಕೆಲಸ ಮಾಡುತ್ತದೆ. ಒಂದು ರೂಪಾಯಿಯ ಪಾಕೀಟು ಎರಡು ಮೂರು ಕುಂಚಗಳಿಗೆ ಆಗುತ್ತದೆ. ನಮ್ಮ ಹಿರಿಯರು ತಲೆಗೆ ಹಚ್ಚುತ್ತಿದ್ದ ಅಂಟುವಾಳ, ಸೀಗೆಕಾಯಿಗಳಲ್ಲಿಯೂ ಸಪೋನಿನ್ ಎಂಬ ನೊರೆ ತರುವ ಪದಾರ್ಥವಿದ್ದು, ಅದೂ ಗಸಿಗಟ್ಟದು. ಆದರೆ ಅಂಟುವಾಳ ಕಣ್ಣನ್ನು ಬಹಳವಾಗಿ ಉರಿಸುವುದರಿಂದ ಕಣ್ಣಿನ ಕುಂಚಕ್ಕೆ ಬೇಡ.

ಎಣ್ಣೆಬಣ್ಣದ ಕುಂಚವಾದರೆ ಮೊದಲು ಅಂಗೈಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕುಂಚದ ತುದಿಯನ್ನು ಅದರಲ್ಲಿ ಆಡಿಸಿ, ಬಟ್ಟೆಗೆ ಒರೆಸಬೇಕು. ನಾಟಕದವರು ಮುಖದ ಬಣ್ಣವನ್ನು ಎಣ್ಣೆಯಿಂದಲೇ ತೆಗೆಯುವರಷ್ಟೆ. ಮೇಣ ಜಿಡ್ಡುಗಳು ಎಣ್ಣೆಯಲ್ಲಿ ಕರಗುತ್ತವೆ. ಪುಡಿಬಣ್ಣದ ಕುಂಚಕ್ಕೆ ಈ ಹೆಜ್ಜೆ ಬೇಕಿಲ್ಲ. ಅನಂತರ ಉಗುರುಬೆಚ್ಚಗಿನ ನೀರಿನಲ್ಲಿ ತುದಿಯನ್ನು ಮಾತ್ರ ಅದ್ದಿ, ಅಂಗೈಯಲ್ಲಿ ಶಾಂಪೂವಿನೊಡನೆ ಮೆಲ್ಲಗೆ ಸುತ್ತಿಸಬೇಕು. ಕುಂಚದ ತಲೆ ಯಾವಾಗಲೂ ಕೆಳಮುಖವಾಗಿರಲಿ, ನೆನೆಯಿಡುವುದು ಬೇಡ.

ಜಾಲಿಸುವುದರಲ್ಲಿ ಒಂದು ಲೆಕ್ಕವಿದೆ. ಹಿಂಡಿದ ಮೇಲೆ ಒಂದು ದೊಡ್ಡ ಕುಂಚದಲ್ಲಿ ೫ ಮಿಲಿಲೀಟರು ಕೊಳೆನೀರು ಉಳಿಯುವುದೆಂದಿಟ್ಟುಕೊಳ್ಳೋಣ. ೯೦ ಮಿಲಿಲೀಟರು ನೀರನ್ನು ಒಂದೇ ಸಲ ಬಳಸಿ ಜಾಲಿಸಿ ಹಿಂಡಿದರೆ ಕೊಳೆಯ ಹತ್ತೊಂಬತ್ತನೆಯ ಒಂದು ಪಾಲು ಉಳಿಯುತ್ತದೆ. ಅದೇ ೯೦ ಮಿಲಿಲೀಟರನ್ನು ಮೂವತ್ತರಂತೆ ಮೂರು ಸಲಕ್ಕೆ ಹಂಚಿ, ಪ್ರತಿ ಸಲವೂ ಹಿಂಡಿದರೆ, ಸಲಸಲಕ್ಕೆ ಏಳನೆಯ ಒಂದು ಪಾಲಾಗಿ, ಕೊನೆಗೆ ೩೪೩ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನೀರು ಅಷ್ಟೇ, ಶುಚಿ ಹದಿನೆಂಟು ಪಟ್ಟು. ನೀರನ್ನು ಎಣಿಸಿ ಬಳಸಬೇಕಾದ ನಮ್ಮ ಬಯಲುಸೀಮೆಯಲ್ಲಿ ಈ ಲೆಕ್ಕವು ಕುಂಚಕ್ಕೆ ಮಾತ್ರವಲ್ಲ, ಒಗೆಯುವ ಬಟ್ಟೆಗೂ ಅನ್ವಯಿಸುತ್ತದೆ.

ಕೊನೆಗೆ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕೂದಲನ್ನು ಬೆರಳಿನಿಂದ ಆಕಾರಕ್ಕೆ ತಂದು, ಮೇಜಿನ ಅಂಚಿನಲ್ಲಿ ತಲೆ ಹೊರಚಾಚಿ ಸ್ವಲ್ಪ ಕೆಳಕ್ಕೆ ಬಾಗುವಂತೆ ಮಲಗಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು.

ಈಗಾಗಲೇ ಗಸಿಗಟ್ಟಿದ ಕುಂಚವನ್ನು ಎಸೆಯಬೇಕಾಗಿಲ್ಲ. ಒಂದು ಪಾಲು ವಿನೆಗರನ್ನು ಎರಡು ಪಾಲು ಮೃದು ನೀರಿನಲ್ಲಿ ಬೆರೆಸಿ, ಅಂಗೈಯಲ್ಲಿಯೋ ತಟ್ಟೆಯಲ್ಲಿಯೋ ಕೂದಲಿನ ತುದಿಯನ್ನು ಕೆಲವು ನಿಮಿಷ ಆಡಿಸಿದರೆ, ಆಮ್ಲವು ಗಸಿಯಿಂದ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ. ಉಳಿಯುವ ಕೊಬ್ಬಿನ ಆಮ್ಲವೂ ಜಿಡ್ಡೇ ಆದುದರಿಂದ ಅದರ ಬೆನ್ನಿಗೇ ಶಾಂಪೂ ಹಾಕಿ ತೊಳೆಯಬೇಕು. ಬನಹಟ್ಟಿಯ ಹುಡುಗಿಯ ಕುಂಚಗಳು ಎರಡು ಸಲದ ಈ ಚಿಕಿತ್ಸೆಯಿಂದ ಮತ್ತೆ ಮೃದುವಾದವು. ಕೂದಲು ಉದುರಿದ ಎರಡನ್ನು ಮಾತ್ರ ಬಿಡಬೇಕಾಯಿತು.

ಕಣ್ಣಿಗೆ ಕಾಣದ ಕೊಳೆ

ಸೂಕ್ಷ್ಮಜೀವಿಗಳ ಮಾತನ್ನು ಆಡದೆ ಮುಗಿಸುವಂತಿಲ್ಲ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಅಮ್ರೀನ್ ಬಶೀರ್ ಮತ್ತು ಪೀಟರ್ ಲ್ಯಾಂಬರ್ಟ್ ಎಂಬವರು, ಜನರು ಬಳಸುತ್ತಿದ್ದ ೪೬೭ ಅಲಂಕಾರ ಸಾಮಗ್ರಿಗಳನ್ನು ಪರೀಕ್ಷಿಸಿ, ಬಗೆಬಗೆಯ ಸಾಮಗ್ರಿಗಳಲ್ಲಿ ನೂರಕ್ಕೆ ೭೯ರಿಂದ ೯೦ರಷ್ಟು ಬ್ಯಾಕ್ಟೀರಿಯಗಳಿಂದ ಕಲುಷಿತವಾಗಿದ್ದುವೆಂದು ತೋರಿಸಿದರು. ಬಣ್ಣ ಹಚ್ಚುವ ಸ್ಪಂಜುಗಳಲ್ಲಿ ನೂರಕ್ಕೆ ೯೩ನ್ನು ಒಮ್ಮೆಯೂ ತೊಳೆದಿರಲಿಲ್ಲವಂತೆ. ಅಲ್ಲಿ ಕಂಡ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಜೀವಿಯೇ ರೆಪ್ಪೆಯ ಕುರುವಿಗೆ ಸಾಮಾನ್ಯವಾಗಿ ಕಾರಣ.

ಶಾಂಪೂ ಈ ಜೀವಿಗಳನ್ನೆಲ್ಲ ಕೊಲ್ಲುವುದಿಲ್ಲ. ಜಿಡ್ಡಿನೊಡನೆ ಬಹುಭಾಗವನ್ನು ಕೊಚ್ಚಿಕೊಂಡು ಹೋಗುತ್ತದೆ. ಉಳಿದವು ಹೆಚ್ಚಲು ತೇವ ಬೇಕು. ಆದ್ದರಿಂದಲೇ ಒಣಗಿಸುವುದು ತೊಳೆಯುವುದರಷ್ಟೇ ಮುಖ್ಯ. ಅನೇಕರಿಗೆ ಬಣ್ಣ ಹಚ್ಚುವವರು ತೊಳೆದು ಒಣಗಿಸಿದ ಕುಂಚದ ತುದಿಗೆ ನೂರಕ್ಕೆ ಎಪ್ಪತ್ತರ ಮದ್ಯಸಾರವನ್ನು ಹಚ್ಚಿ ಪೂರ್ಣವಾಗಿ ಆರಲು ಬಿಡಬಹುದು. ಎಪ್ಪತ್ತೇ ಏಕೆಂದರೆ, ಜೀವಿಯ ಪ್ರೋಟೀನುಗಳನ್ನು ಕೆಡಿಸಲು ಮದ್ಯಸಾರಕ್ಕೆ ಸ್ವಲ್ಪ ನೀರಿನ ನೆರವು ಬೇಕು. ಇದು ಥಟ್ಟನೆ ಹೊತ್ತಿಕೊಳ್ಳುವ ದ್ರವ; ಒಲೆ, ದೀಪಗಳ ಹತ್ತಿರ ಸುಳಿಯಬಾರದು. ದಿನವೂ ಬಳಸುವ ಕುಂಚಗಳನ್ನು ಏಳರಿಂದ ಹತ್ತು ದಿನಗಳಿಗೊಮ್ಮೆ ತೊಳೆಯಬೇಕೆಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ಕಣ್ಣಿನ ಕುಂಚವನ್ನಂತೂ ತೊಳೆದಿದ್ದರೂ ಹಂಚಿಕೊಳ್ಳದಿರುವುದೇ ಲೇಸು.

ಭಾಮೆಯ ಕಣ್ಣಿನ ಕುರು ಆ ಕುಂಚದಿಂದಲೇ ಬಂದಿತೆಂದು ಯಾರೂ ಸಿದ್ಧಪಡಿಸಿ ತೋರಿಸಲಾರರು. ಆ ಜೀವಿಯು ನಮ್ಮೆಲ್ಲರ ಚರ್ಮದ ಮೇಲೂ ಇರಬಹುದು. ಬರಿಯ ಬೆರಳಿನಿಂದ ಕಣ್ಣುಜ್ಜಿಕೊಂಡರೂ ಕುರು ಏಳಬಹುದು. ಅದನ್ನು ನಾವು ಇಬ್ಬರು ವಿದ್ಯಾರ್ಥಿನಿಯರನ್ನೂ ಕೂಡಿಸಿಕೊಂಡು ಹೇಳಿದೆವು. ಜಿಗಿಯಾದ, ಬುಡದಲ್ಲಿ ತೇವ ಉಳಿದ ಕುಂಚವು ಅಪಾಯವನ್ನು ಹೆಚ್ಚಿಸುತ್ತದೆಂಬುದನ್ನೂ ಮುಚ್ಚಿಡಲಿಲ್ಲ. ಬೀಳಗಿಯ ಹುಡುಗಿ ಸೀಸೆಯಲ್ಲಿದ್ದ ಗಸಿಯನ್ನು ಬಹಳ ಹೊತ್ತು ನೋಡಿ, "ನಮ್ಮನಿ ನೀರೂ ಹಿಂಗ ಐತ್ರಿ" ಎಂದಳು.

ಈ ವರ್ಷದ ಸಮ್ಮೇಳನದಲ್ಲಿ ಆಕೆಯೇ ಭಾಮೆಯಾದಳು. ಮುಖಕ್ಕೆ ಬಣ್ಣ ಹಚ್ಚಿದವಳು ಬನಹಟ್ಟಿಯವಳು. ಕಣ್ಣಿಗೆ ಬೇಕಾದ ಸಣ್ಣ ಕುಂಚವನ್ನು ಪಾತ್ರಧಾರಿಗಳು ತಂತಮ್ಮದನ್ನೇ ತಂದಿದ್ದರು, ಮತ್ತು ಬಣ್ಣದ ಕೋಣೆಯ ಮೂಲೆಯಲ್ಲಿ ಘಟಕದ ನೀರಿನ ಒಂದು ಕೊಡ, ಶಾಂಪೂವಿನ ಪಾಕೀಟುಗಳು, ಹಳೆಯ ಸೀರೆಯ ತುಂಡುಗಳು ಇದ್ದವು. ವಾಚಕರೂ ತಮ್ಮ ಮನೆಯ ನೀರನ್ನು ಒಂದು ಸೀಸೆಯಲ್ಲಿ ಹಿಡಿದು, ಸಾಬೂನಿನ ಚೂರು ಹಾಕಿ ಕುಲುಕಿ ನೋಡಲಿ. ನೊರೆ ಬರುವುದೋ ಗಸಿ ಬರುವುದೋ ಎಂಬುದರ ಮೇಲೆ ಮುಂದಿನ ಕ್ರಮವನ್ನು ನಿಶ್ಚಯಿಸಿಕೊಳ್ಳಬಹುದು.